ಗಾಜಿಲ್ಲದ ಚೌಕಟ್ಟು

ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಾರೆ. ಕನ್ನಡಕ ಹಾಕುತ್ತಾಳೆಂದಲ್ಲ, ಕಣ್ಣು ಇನ್ನೂ ಗಟ್ಟಿಯಾಗಿಯೇ ಇವೆ. ಕನ್ನಡಕದಂಗಡಿಯಲ್ಲಿ ಮೂಗಿಗೆ ಕವಡೆ ಕಟ್ಟಿಕೊಂಡು ದುಡಿಯುತ್ತಾಳೆಂದು. ದಿನವಿಡೀ ಪರರ ಮುಖದ ಹತ್ತಿರ ಮುಖ ಹಿಡಿದು ಚೌಕಟ್ಟು ಮೂಗಿನ ಮೇಲೆ ಸರಿಯಾಗಿ ಕೂತಿತೇ, ಕಡ್ಡಿ ಕಿವಿಯ ಹಿಂದೆ ಒತ್ತುತ್ತದೆಯೇ ಎಂದು ನೋಡಬೇಕು. ಒತ್ತಿದರೆ ಬಿಸಿಗಾಳಿಗೆ ಹಿಡಿದು ಬಗ್ಗಿಸಬೇಕು. ಅವಳು ಇಷ್ಟು ಹತ್ತಿರದಿಂದ ನೋಡಿದ ಮುಖಗಳು ಸಾವಿರಾರು. ಅವಳ ಮುಖವನ್ನು ನೋಡಿದವರು ಯಾರು ಹೇಳಿ! ಎಲ್ಲರಿಗೂ ಕನ್ನಡಿಯ ಚಿಂತೆ.

ಮನೆಯಲ್ಲೂ ಅದೇ ಹಾಡು. ಗಂಡ ಕೆಟ್ಟವನಲ್ಲ, ಪಾಪ. ರಾತ್ರಿ ಪಾಳಿ ಮುಗಿಸಿ ಬಂದು ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಹೆಂಡತಿಯ ಜೊತೆ ಮುಖ ಕೊಟ್ಟು ಮಾತಾಡಿ ಎಷ್ಟು ಕಾಲವಾಯಿತೋ ಅವನಿಗೇ ನೆನಪಿಲ್ಲ. ಈಚೆಗೆ ಇವಳು ಧೈರ್ಯ ಮಾಡಿ ಮುಂಗೂದಲು ಕತ್ತರಿಸಿಕೊಂಡು ಬಂದಳು. ಏನಾದರೂ ಅಂದಾನು ಎಂದು ವಾರವೆಲ್ಲ ಕಾದಳು. ಕೊನೆಗೊಮ್ಮೆ ಅವನು ಇವಳ ಕಡೆ ತಿರುಗಿ, "ನಲ್ಲಿ ಸೋರ್ತಾ ಇದೆ, ನೋಡಿದ್ಯಾ?" ಎಂದ. ಹಾಸಿಗೆ ಹಿಡಿದ ಅತ್ತೆಯೊಬ್ಬಳೇ, "ಹಣೆ ಮುಚ್ಚಿಕೊಂಡು ಇದೇನೇ ಅವತಾರ?" ಎಂದು ಕೇಳಿದ್ದು. ಯಾರಾದರೊಬ್ಬರು ತನ್ನನ್ನು ಒಮ್ಮೆ ಕಣ್ತುಂಬ ನೋಡಿದರೆ ಸಾಕು ಎನ್ನಿಸಿಬಿಟ್ಟಿತ್ತು ಅವಳಿಗೆ. ತಪ್ಪೇ? ನನಗಂತೂ ತಪ್ಪು ಕಾಣುವುದಿಲ್ಲ.

ಅಂಥ ಒಂದು ಮಧ್ಯಾಹ್ನ, ನಿಂತೂ ನಿಂತೂ ಪಾದ ಊದಿಕೊಂಡಿದ್ದಾಗ, ಒಬ್ಬ ಗಿರಾಕಿ ಅಂಗಡಿಯ ಬಾಗಿಲು ತಡಕಾಡುತ್ತ ಬಂದ. ಐವತ್ತರ ಆಸುಪಾಸು, ಅರೆನೆರೆತ ತಲೆ.

"ಹಳೇ ಕನ್ನಡಕದ ಮೇಲೆ ನಾನೇ ಕೂತುಬಿಟ್ಟೆ ಮೇಡಂ. ಗಾಜು ಉಳಿದಿದೆ, ಚೌಕಟ್ಟು ಹೋಯ್ತು. ನಿನ್ನೆಯಿಂದ ಎಲ್ಲಾ ಅಂದಾಜಿನ ಮೇಲೇ ನಡೀತಿದೆ. ಬೆಳಿಗ್ಗೆ ಯಾರದೋ ಸ್ಕೂಟರಿಗೆ ಕೀ ಹಾಕಿ ಚೆನ್ನಾಗಿ ಬೈಸ್ಕೊಂಡೆ."

ಅವಳು ಕಿಸಕ್ಕನೆ ನಕ್ಕಳು. ನಕ್ಕದ್ದು ತಾನೇ ಹೌದೇ ಎಂದು ಅವಳಿಗೇ ಆಶ್ಚರ್ಯ.

ಗಾಜು ಕೂರಿಸುವ ಮೊದಲು ಬರೀ ಚೌಕಟ್ಟು ಹಾಕಿ ಸರಿಮಾಡುವುದು ಅವಳ ಪದ್ಧತಿ. ಹಾಕಿದಳು. ಬಾಗಿದಳು. ಎದುರಿಗೆ ಏನೋ ಇದೆ ಎಂದಷ್ಟೇ ತಿಳಿದ ಅವನ ಕಣ್ಣುಗಳು ಅವಳ ಮುಖ ಎಲ್ಲಿದೆಯೆಂದು ಮಗುವಿನ ಹಾಗೆ ಹುಡುಕುತ್ತಿದ್ದವು. ಅವಳ ಎದೆ ಧಸಕ್ಕೆಂದಿತು. ಅಯ್ಯೋ ಶಿವನೇ, ಈ ವಯಸ್ಸಿಗೇ ಅರಳುಮರಳೇ ಎಂದು ತನ್ನನ್ನೇ ಗದರಿಕೊಂಡಳು. ಆದರೂ ಅವನು ಚೆಲುವನಾಗಿ ಕಂಡ, ಕಂಡದ್ದನ್ನು ಇಲ್ಲವೆನ್ನಲಾದೀತೇ?

ಕಡ್ಡಿ ಮೊದಲ ಸಲಕ್ಕೇ ಸರಿಯಾಗಿತ್ತು. ಅವಳು ಸರಿಯಾಗಿದ್ದುದನ್ನು ತೆಗೆದು ಮತ್ತೆ ಬಿಸಿಗೆ ಹಿಡಿದಳು. ಬೇಕೆಂದೇ ತುಸು ಸಡಿಲ ಮಾಡಿದಳು, ಆಮೇಲೆ ಬಿಗಿ ಮಾಡಿದಳು. ಗಾಜು ಕೂತರೆ ಅವನಿಗೆ ಎಲ್ಲವೂ ಕಾಣುತ್ತದೆ: ಕಣ್ಣ ಕೆಳಗಿನ ಕಪ್ಪು, ಬೆವರಿಗೆ ಹಣೆಗಂಟಿದ ಕೂದಲು. ನೋಡಲಿ ಎಂಬ ಆಸೆ, ನೋಡಿಬಿಟ್ಟರೆ ಎಂಬ ಭಯ.

"ಏನಮ್ಮಾ, ಕಡ್ಡಿ ಬಗ್ಗಿಸ್ತಿದ್ದೀಯೋ, ಬಾವಿ ತೋಡ್ತಿದ್ದೀಯೋ?" ಎಂದ ಅಂಗಡಿಯ ಯಜಮಾನ, ಗಲ್ಲಾದ ಹಿಂದೆ ಕೂತಲ್ಲಿಂದಲೇ.

ಇನ್ನು ಎಳೆಯಲು ನೆಪವಿರಲಿಲ್ಲ. ಗಾಜು ಕೂರಿಸಿದಳು, ಒರೆಸಿದಳು, ಮುಂಗೂದಲು ಸರಿಮಾಡಿಕೊಂಡು ಕೈಗಿತ್ತಳು.

ಅವನು ಹಾಕಿಕೊಂಡು ಮೊದಲು ಬೀದಿ ನೋಡಿದ. ಎದುರಂಗಡಿಯ ಬೋರ್ಡು ಓದಿದ. "ಆಹಾ!" ಎಂದ. ಆಮೇಲೆ ಅವಳ ಕಡೆ ತಿರುಗಿ ನೋಡಿದ. ಆತುರವಿಲ್ಲದೆ, ಪೂರ್ತಿಯಾಗಿ ನೋಡಿದ. ಅವಳು ಉಸಿರು ಬಿಗಿಹಿಡಿದಳು. ಅವನ ಮುಖದ ನಗು ಮೆಲ್ಲಗೆ ಇಳಿಯಿತು.

"ಆಗಿಂದ ನಿಂತೇ ಇದ್ದೀರಲ್ಲ ನೀವು," ಎಂದು ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆಗೆ ಸರಿಸಿದ. "ತುಂಬಾ ಸುಸ್ತಾಗಿದ್ದೀರಿ. ಮೊದಲು ಕೂತ್ಕೊಳ್ಳಿ."

ಅವಳು ಕೇಳಬೇಕೆಂದಿದ್ದ ಮಾತು ಅದಲ್ಲ. ಒಂದು ಗಳಿಗೆ ಸಿಟ್ಟೇ ಬಂತು. ಇಷ್ಟು ಹೊತ್ತು ನೋಡಿ ಕಂಡದ್ದು ಇದೇನಾ? "ಏನಿಲ್ಲ ಸರ್, ಅಭ್ಯಾಸ ಆಗಿದೆ" ಎನ್ನಲು ಬಾಯಿ ತೆರೆದಳು. ಎಲ್ಲರಿಗೂ ಹೇಳುತ್ತಿದ್ದ ಮಾತೇ ಅದು, ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬರಲಿಲ್ಲ. ಕಣ್ಣು ತುಂಬಿ ಎದುರಿಗಿದ್ದ ಅವನ ಮುಖವೇ ಮಂಜಾಯಿತು.

"ಹೌದು," ಎಂದಳು, ಕುರ್ಚಿಯಲ್ಲಿ ಕುಸಿಯುತ್ತ. "ತುಂಬಾ ಸುಸ್ತಾಗಿದೆ."