ಜೈಬುನ್ನೀಸಾ ಅವರ ಮನೆಯಲ್ಲಿ ಮೋಟಾರ್ ಇರಲಿಲ್ಲ

ಜೈಬುನ್ನೀಸಾ ಅವರ ಮನೆಯಲ್ಲಿ ಮೋಟಾರ್ ಇರಲಿಲ್ಲ. ಇದೆ ಎಂದು ಅಧಿಕಾರಿಯ ಮುಂದೆ ಹೇಳಿದವನು ನಾನು. ಇಲ್ಲ ಎಂದು ಚೆನ್ನಾಗಿ ತಿಳಿದೇ ಹೇಳಿದೆ.

ಭದ್ರಾವತಿಯ ಒಂದು ವಾರ್ಡಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಲ್ಲಿ ನೀರು ಬಿಡುವ ಕೆಲಸ ನನ್ನದು. ಜನ ವಾಲ್ವ್‌ಮನ್ ಎನ್ನುತ್ತಾರೆ. ರಸ್ತೆಯ ಗುಂಡಿಯೊಳಗೆ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ತಿರುಗಿಸಿದರೆ ಒಂದು ಬೀದಿಗೆ ನೀರು, ಮುಚ್ಚಿದರೆ ಇಲ್ಲ. ಅಷ್ಟೇ ವಿದ್ಯೆ. ಆದರೂ ಬೆಳಗ್ಗೆ ಆ ಕೀಲಿಯನ್ನು ಹೆಗಲ ಮೇಲಿಟ್ಟು ನಡೆಯುವಾಗ ನನಗೆ ಜಿಲ್ಲಾಧಿಕಾರಿಗಿಂತ ಒಂದು ಕೈ ಮೇಲು ಅನ್ನಿಸುತ್ತಿತ್ತು.

ಪ್ರತಿ ಬೀದಿಗೂ ಒಂದು ಗಂಟೆ ಎಂದು ನಿಯಮ. ಮೇಲಿನ ಬೀದಿಯಲ್ಲಿ ಮೇಷ್ಟ್ರು, ವಕೀಲರು, ನಮ್ಮ ಪೈಕಿಯವರು. ‘ಮಲ್ಲೇಶಪ್ಪನವರೇ, ಕಾಫಿ ಕುಡಿದು ಹೋಗಿ’ ಎಂದು ಕೂರಿಸುತ್ತಿದ್ದರು. ನಾನು ಕಾಫಿ ಮುಗಿಸುವ ತನಕ ಅಲ್ಲಿ ನೀರು ಹರಿಯುತ್ತಿತ್ತು — ಒಂದೂವರೆ ಗಂಟೆ. ಕೆಳಗಿನ ಗಲ್ಲಿ ಸಾಬರದ್ದು, ಕೊನೆಯಲ್ಲಿ ನಾಲ್ಕಾರು ತಮಿಳರ ಮನೆ. ಅವರಿಗೆ ಉಳಿಯುತ್ತಿದ್ದದ್ದು ಅರ್ಧ ಗಂಟೆ. ಸಮಯ ಬರೆಯುವ ಪುಸ್ತಕದಲ್ಲಿ ಮಾತ್ರ ಎರಡೂ ಕಡೆ ಒಂದೊಂದು ಗಂಟೆ ಎಂದು ದುಂಡಗೆ ಬರೆಯುತ್ತಿದ್ದೆ. ದ್ವೇಷವೇನೂ ಇರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆದರೆ ಕೈ ಯಾವಾಗಲೂ ಒಂದೇ ಗಲ್ಲಿಗೆ ಬೇಗ ಮುಚ್ಚುತ್ತಿತ್ತಲ್ಲ — ಅದಕ್ಕೆ ಬೇರೆ ಹೆಸರು ನನಗೆ ಸಿಕ್ಕಿಲ್ಲ.

ಅಲ್ಪಸಂಖ್ಯಾತರು ಹೆಚ್ಚಾಗಿರುವ ಕಡೆ ನೀರು, ಚರಂಡಿ, ದೀಪ ಸರಿಯಾಗಿದೆಯೇ ನೋಡಿ, ಇಲ್ಲದಿದ್ದರೆ ಮಾಡಿಕೊಡಿ ಎಂದು ಸರ್ಕಾರದ ಆದೇಶ ಬಂತು. ಗಲ್ಲಿಗೆ ಹೊಸ ಪೈಪು, ಬೇರೆಯದೇ ಟ್ಯಾಂಕು ಆಗುವುದಿತ್ತು. ನೋಡಲು ಅಧಿಕಾರಿಯೊಬ್ಬರು ಬಂದರು. ಪುಸ್ತಕ ತೆರೆದು, “ಒಂದು ಗಂಟೆ ಬಿಡ್ತಿದ್ದಾರಲ್ಲ, ಏನು ತೊಂದರೆ?” ಎಂದು ಕೇಳಿದರು.

ನೆರೆದಿದ್ದ ಗಲ್ಲಿಯವರ ನಡುವಿನಿಂದ ಮುಂದೆ ಬಂದವರು ಜೈಬುನ್ನೀಸಾ. ನನಗೆ ಆಗ ಅವರ ಹೆಸರೂ ಗೊತ್ತಿರಲಿಲ್ಲ. ಅಲ್ಲಿನ ಹೆಂಗಸರೆಲ್ಲ ನನಗೆ ಬೂಬಮ್ಮಂದಿರೇ.

“ಅರ್ಧ ಗಂಟೆ ಸಾರ್. ನಾನು ಗಡಿಯಾರ ನೋಡಿ ಹೇಳ್ತಿದ್ದೀನಿ. ಆರು ಕೊಡ ತುಂಬೋದ್ರೊಳಗೆ ನಿಂತೋಗುತ್ತೆ.”

ಅಧಿಕಾರಿ ನನ್ನತ್ತ ತಿರುಗಿದರು. ಕೆಲಸ ಹೋಗುತ್ತದೆ ಎಂಬ ಭಯ ಒಂದು ಕಡೆ. ಒಬ್ಬಳು ಹೆಂಗಸು, ಅದೂ ಆ ಗಲ್ಲಿಯವಳು, ನನ್ನ ಲೆಕ್ಕ ತಪ್ಪು ಅನ್ನುವುದೇ ಎಂಬ ಸಿಟ್ಟು ಇನ್ನೊಂದು ಕಡೆ — ಸಿಟ್ಟೇ ಹೆಚ್ಚಿತ್ತು, ಸುಳ್ಳೇಕೆ.

“ನಲ್ಲಿಗೆ ಮೋಟಾರ್ ಇಟ್ಟು ನೀರು ಎಳೀತಾರೆ ಸಾರ್, ಉಳಿದೋರಿಗೆ ಎಲ್ಲಿ ಬರುತ್ತೆ? ಇವರ ಮನೇಲೇ ಇದೆ.”

ಗಲ್ಲಿಯ ಹೆಂಗಸರೆಲ್ಲ ಒಮ್ಮೆಗೇ ಅವರ ಕಡೆ ನೋಡಿದರು. ಜೈಬುನ್ನೀಸಾ ತಮ್ಮ ಮನೆಯ ಬಾಗಿಲು ಪೂರ್ತಿ ತೆಗೆದು, “ಬನ್ನಿ ಸಾರ್, ಒಳಗೆ ಬಂದು ನೋಡಿ” ಎಂದರು. ಎರಡು ಹೆಜ್ಜೆ ಇಟ್ಟಿದ್ದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಆದರೆ ಆ ಅಧಿಕಾರಿ ಆ ಮನೆಯ ಹೊಸ್ತಿಲು ದಾಟುವವರಲ್ಲ ಎಂದು ನನಗೆ ಗೊತ್ತಿತ್ತು. ಅವರೂ ನಮ್ಮಂಥವರೇ. ಆ ಧೈರ್ಯದ ಮೇಲೆಯೇ ನಾನು ಬಾಯಿ ಬಿಟ್ಟದ್ದು. “ಇರಲಿ ಬಿಡಮ್ಮ” ಎಂದು ಅವರು ಜೀಪು ಹತ್ತಿದರು. ನೀರು ಸಾಕಷ್ಟಿದೆ, ಅಕ್ರಮ ಮೋಟಾರಿನಿಂದ ತೊಂದರೆ ಎಂದು ವರದಿಯಾಯಿತು. ಪೈಪೂ ಬರಲಿಲ್ಲ, ಟ್ಯಾಂಕೂ ಬರಲಿಲ್ಲ.

ನಿವೃತ್ತನಾಗಿ ಶಿವಮೊಗ್ಗದ ಆಲ್ಕೊಳಕ್ಕೆ ಬಂದೆ. ಹೋದ ತಿಂಗಳು ಜೈಬುನ್ನೀಸಾ ಅವರ ಮಗಳು ನಸ್ರೀನ್ ಮನೆ ಹುಡುಕಿಕೊಂಡು ಬಂದಳು. ಗಲ್ಲಿಯವರು ಮತ್ತೆ ಅರ್ಜಿ ಹಾಕಿದ್ದಾರೆ, ಕಚೇರಿಯವರು ಅದೇ ಹಳೆಯ ವರದಿ ತೋರಿಸುತ್ತಿದ್ದಾರೆ.

“ಅಮ್ಮಿ ನಿಮ್ಮ ಹತ್ರ ಹೋಗ್ಬೇಡ ಅಂದ್ರು ಅಂಕಲ್. ಆದ್ರೂ ಬಂದೆ. ಎಷ್ಟೊತ್ತು ನೀರು ಬಿಡ್ತಿದ್ರಿ ಅಂತ ಬರ್ದು ಕೊಡಿ, ಸಾಕು.”

ಆಮೇಲೆ ಅವಳೇ ಹೇಳಿದಳು — ಅಧಿಕಾರಿ ಬಂದುಹೋದ ಸಂಜೆಯೇ ನೆರೆಯವರು ಮನೆಗೆ ನುಗ್ಗಿ ಮಂಚದ ಕೆಳಗೆ, ಬಚ್ಚಲಲ್ಲಿ, ಅಟ್ಟದ ಮೇಲೆ ಮೋಟಾರ್ ಹುಡುಕಿದ್ದರು. ಸಿಗದಿದ್ದಾಗ ಬಚ್ಚಿಟ್ಟಿದ್ದಾಳೆ ಎಂದರು. ಮದುವೆಗೆ ಕರೆಯುವುದು ನಿಂತಿತು. ಹಬ್ಬಕ್ಕೆ ಪಾಯಸ ಕಳಿಸುವುದು ನಿಂತಿತು. ಮನೆಯ ನಲ್ಲಿ ಸಾಲದೆ ಬೀದಿ ನಲ್ಲಿಗೆ ಹೋದರೆ ಸಾಲಿನಲ್ಲಿ ಅವರ ಕೊಡವನ್ನು ಹಿಂದಕ್ಕೆ ತಳ್ಳುತ್ತಿದ್ದರು. ಕೊನೆಗೆ ತಾಯಿಯನ್ನು ಇಲ್ಲೇ ಶಿವಮೊಗ್ಗದ ಸವಳಂಗ ರಸ್ತೆಯ ತನ್ನ ಮನೆಗೆ ಕರೆತಂದಳಂತೆ. ನೀರು ಕಡಿಮೆ ಕೊಟ್ಟದ್ದೊಂದೇ ನನ್ನ ತಪ್ಪು ಎಂದುಕೊಂಡಿದ್ದೆ. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಬರೆದುಕೊಟ್ಟೆ. ಪುಸ್ತಕ ಸುಳ್ಳು, ಮೋಟಾರ್ ಸುಳ್ಳು ಎಂದು ಸಹಿ ಹಾಕಿ ಕಚೇರಿಗೆ ಕೊಟ್ಟಾಗ ಹಳೆಯ ಸಹೋದ್ಯೋಗಿಯೊಬ್ಬ, “ರಿಟೈರ್ ಆದ್ಮೇಲೆ ಇದೆಲ್ಲ ಯಾಕೆ ಮಾರಾಯ?” ಎಂದ. ಹಗುರಾದೆ ಎಂದುಕೊಂಡು ನೇರವಾಗಿ ಸವಳಂಗ ರಸ್ತೆಗೆ ಹೋದೆ. ಕೈ ಮುಗಿದು, ಎಲ್ಲವನ್ನೂ ಬರೆದುಕೊಟ್ಟಿದ್ದೇನೆ, ಕ್ಷಮಿಸಿ ಎಂದೆ.

ಜೈಬುನ್ನೀಸಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆಫೀಸಿಗೆ ಹೇಳಿದ್ರಿ, ಸರಿ. ಪಕ್ಕದ ಮನೆ ಮುನೀರಾ ನನ್ನ ಜೊತೆ ಒಂದೇ ತಟ್ಟೇಲಿ ಉಂಡೋಳು. ಸೆಲ್ವಿ ನನ್ನ ಬಾಣಂತನ ಮಾಡಿದೋಳು. ಇಬ್ರೂ ತೀರ್ಕೊಂಡ್ರು. ನಾನು ಕಳ್ಳಿ ಅಂತಾನೇ ತಿಳ್ಕೊಂಡು ಹೋದ್ರು. ಅವರಿಗೆ ಹೆಂಗೆ ಹೇಳ್ತೀರಪ್ಪಾ?”

ಆ ಇಬ್ಬರಿಗೆ ಹೇಳುವ ದಾರಿ ಇಲ್ಲ. ಆದರೆ ಉಳಿದವರಿದ್ದಾರೆ — ಅವರ ಮಕ್ಕಳು, ಸೊಸೆಯಂದಿರು, ಅಂದು ಅಟ್ಟ ಹತ್ತಿ ಹುಡುಕಿದವರು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಗಲ್ಲಿಯಲ್ಲಿ ಎಲ್ಲರೂ ಇರುತ್ತಾರೆ ಎಂದು ನಸ್ರೀನ್ ಹೇಳಿದ್ದಾಳೆ. ಒಬ್ಬನೇ ಹೋಗುತ್ತೇನೆ. ಮುನೀರಾ ಅವರ ಮನೆಯ ಬಾಗಿಲಿನಿಂದ ಶುರು ಮಾಡಿ, ಒಂದೊಂದು ಮನೆಯ ಮುಂದೆಯೂ ನಿಂತು ಹೇಳುತ್ತೇನೆ. ಅವರು ಏನು ಮಾಡುತ್ತಾರೋ, ಮಾಡಲಿ.