ಗೀರು ಬಿದ್ದ ಸಿಡಿ

ರಾಮನಗರದ ಚಿತ್ರಸಮಾಜಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಕಣ್ಣೀರು ಹಾಕುವವರು ಎಲ್ಲವೂ ಅನಂತರಾಜು ಮೇಷ್ಟ್ರೇ. ಬೋಂಡ ತಿನ್ನುವಾಗಲೂ ಅವರದು ಅಂತಃಸಾಕ್ಷಿಯ ಮಾತು. ಯುರೋಪಿನ ಯುದ್ಧದ ಒಂದೇ ಸಿನಿಮಾ ಮತ್ತೆ ಮತ್ತೆ ಹಾಕಿ, ಸೈನಿಕರಿಂದ ತಪ್ಪಿಸಿಕೊಂಡು ಬಂದವನಿಗೆ ನಾಯಕ ಬಾಗಿಲು ತೆಗೆದಾಗಲೆಲ್ಲ ಮೂಗೊರೆಸಿಕೊಂಡು, "ಮನುಷ್ಯ ಅಂದ್ರೆ ಬಾಗ್ಲು ತೆಗ್ಯೋನು ಕಣ್ರೀ!" ಅನ್ನುತ್ತಿದ್ದರು. ಊರಾಚೆಯ ಹೊಸ ಫ್ಯಾಕ್ಟರಿಯ ಮುಷ್ಕರದಲ್ಲಿ ಲಾಠಿ ಏಟು ತಿಂದ ಪಕ್ಕದ ಮನೆಯ ಅಜರ್ ಓಡಿಬಂದು ಇವರ ಬಾಗಿಲು ಬಡಿದಾಗ, ಮೇಷ್ಟ್ರು ಒಳಗಿಂದ ಚಿಲಕ ಹಾಕಿ ಟಿವಿ ಸದ್ದು ಜೋರು ಮಾಡಿದರು. ಅಂದಿನಿಂದ ಸಿನಿಮಾದಲ್ಲಿ ಆ ಬಾಗಿಲು ತೆಗೆಯುವ ದೃಶ್ಯ ಬಂದರೆ ಸಾಕು, ರಿಮೋಟ್ ಒತ್ತಿ ಮುಂದಕ್ಕೋಡಿಸುತ್ತಾರೆ. "ಇಲ್ಲಿ ಸಿಡಿ ಒಸಿ ಗೀರು ಬಿದ್ದೈತೆ" ಅನ್ನುತ್ತಾರೆ. ಮೊನ್ನೆ ತಲೆಗೆ ಪಟ್ಟಿ ಕಟ್ಟಿಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಜರ್ ಮೆಲ್ಲಗೆ ಅಂದ: "ಓಗ್ಲಿ ಬುಡಿ ಸಾರ್, ಆ ಸೀನ್ ನಾನು ಬಾಗ್ಲಾಚೆ ನಿಂತು ನೋಡಿವ್ನಿ."