ವಾಸುದೇವ ಮೇಷ್ಟ್ರ ಒಂಬತ್ತು ಗಜ

ಟೆಕ್ಸಸ್‌ನ ರೌಂಡ್ ರಾಕ್‌ನಿಂದ ಜಾರ್ಜ್‌ಟೌನ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೈಸ್ಕೂಲಿದೆ. ಹೆಸರು ಹೇಳುವುದು ಬೇಡ. ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ, ಅದರ ವಿಷಯ ಬಂದರೆ ಅಲ್ಲಿಯವರಿಗೆ ಮೂಗಿನ ತುದಿಯಲ್ಲೇ ಕೋಪ. ಆ ಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಮೈಸೂರಿನ ವಾಸುದೇವ ಮೇಷ್ಟ್ರು. ಈಗ ವಯಸ್ಸು ಅರವತ್ತೇಳು. ಆಸ್ಟಿನ್ ಡಾಕ್ಟರು ಎರಡೂ ಮಂಡಿ ಬದಲಾಯಿಸಬೇಕು ಎಂದಿದ್ದಾರೆ, ಇವರು ಒಂದನ್ನೂ ಬದಲಾಯಿಸಿಲ್ಲ. ಮಧ್ಯಾಹ್ನ ಊಟ ಮಾಡಿ ಸೋಫಾದ ಮೇಲೆ ಒರಗಿದರೆ ಯಾರೂ ತಮ್ಮನ್ನು ಏನೂ ಕೇಳಬಾರದು ಎನ್ನುವುದೊಂದೇ ಅವರ ಆಸೆ.

ಆದರೆ ಹಳೆಯ ಆಟಗಾರರ ಹೆಸರನ್ನು ಗೋಡೆಗೆ ಹಾಕಿ ಗೌರವಿಸುವ, ಸ್ಕೂಲಿನ ಹಾಲ್ ಆಫ್ ಫೇಮ್ ಕಮಿಟಿಯಿಂದ ಕಾಗದ ಬಂತು. ಕೋಡಿ ರಾನ್ಸಮ್ ಎಂಬ ಹಳೆಯ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡ ನಡೆಸುತ್ತ ಚೆಂಡು ಎಸೆಯುವವನು, ಆ ಗೌರವಕ್ಕೆ ಯೋಗ್ಯನೋ ಅಲ್ಲವೋ ಎಂದು ಕಮಿಟಿಯಲ್ಲಿ ಜಗಳ ಹತ್ತಿಕೊಂಡಿತ್ತು. ಬೇಡ ಅನ್ನುವವರ ವಾದ: ಫೈನಲ್ ಸೋತ, ಕಾಲೇಜಿನಲ್ಲಿ ಭುಜ ಮುರಿದುಕೊಂಡು ಆಟ ಬಿಟ್ಟ, ಈಗ ಡಾಲಸ್‌ನಲ್ಲಿ ಪಿಕಪ್ ಟ್ರಕ್ ಮಾರುತ್ತಾನೆ. ಬೇಕು ಅನ್ನುವವರ ಕೈಯಲ್ಲಿದ್ದದ್ದು ಒಂದೇ ಅಂಕಿ. ಒಂದೇ ಪಂದ್ಯದಲ್ಲಿ ಅವನ ಎಸೆತಗಳೆಲ್ಲ ಸೇರಿ ಗಳಿಸಿದ 396 ಗಜವನ್ನು ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಮುರಿದಿರಲಿಲ್ಲ. ಇವತ್ತಿಗೂ ನಿಂತಿರುವ ದಾಖಲೆಯೊಂದಿದ್ದರೆ ಸಾಕು ಎನ್ನುತ್ತದೆ ನಿಯಮ. ಆ ಪಂದ್ಯದ ಸ್ಕೋರ್ ಪುಸ್ತಕ ಬರೆದವರು ವಾಸುದೇವ ಮೇಷ್ಟ್ರು. ಆದ್ದರಿಂದ ಗುರುವಾರ ಬಂದು, ಅಂಕಿ ಸರಿಯಿದೆ ಎಂದು ಸಹಿ ಹಾಕಿಕೊಡಬೇಕಂತೆ.

ಅಂಕಿ ಸರಿಯಿರಲಿಲ್ಲ. ಅದು ಗೊತ್ತಿದ್ದವರು ಮೇಷ್ಟ್ರು ಮತ್ತು ಅವರ ಹೆಂಡತಿ ಮೃಣಾಲಿನಿ, ಇಬ್ಬರೇ.

ಗಣಿತದ ಮೇಷ್ಟ್ರುಗಳು ಸಿಗದೆ ಟೆಕ್ಸಸ್ ಸ್ಕೂಲುಗಳು ನಮ್ಮ ದೇಶದಿಂದ ಜನ ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಅವರು ಬಂದದ್ದು. ಪಾಠದ ಜೊತೆಗೆ ಇನ್ನೇನು ಮಾಡಬಲ್ಲಿರಿ ಎಂದು ಕೇಳಿದಾಗ, ಮೈಸೂರಿನಲ್ಲಿ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೆ ಎಂದು ಎದೆಯುಬ್ಬಿಸಿ ಹೇಳಿಬಿಟ್ಟರು. ಮರುವಾರವೇ ಫುಟ್‌ಬಾಲ್ ಪುಸ್ತಕ ತಲೆಗೆ ಕಟ್ಟಿದರು. ಅಲ್ಲಿ ಶುಕ್ರವಾರ ಸಂಜೆ ಹೈಸ್ಕೂಲ್ ಆಟ ನೋಡಲು ಸೇರುವಷ್ಟು ಜನ ನಮ್ಮ ಕಡೆ ಸೇರಬೇಕಾದರೆ ಮಂತ್ರಿಯೂ ಬರಬೇಕು, ಬಿರಿಯಾನಿ ಪೊಟ್ಟಣವನ್ನೂ ಹಂಚಬೇಕು. ಆ ಗದ್ದಲದಲ್ಲಿ ಕೂತು, ಆಟದ ತಲೆಬುಡ ಗೊತ್ತಿಲ್ಲದೆ, ಮೇಷ್ಟ್ರು ಕ್ರಿಕೆಟ್ ಶಿಸ್ತಿನಲ್ಲೇ ಬರೆದರು. ಯಾವ ಚೆಂಡು ಎತ್ತ ಹೋಯಿತು ಎಂದು ಅಂಚಿನಲ್ಲಿ ಕನ್ನಡದಲ್ಲಿ ಪುಟ್ಟದಾಗಿ ಗುರುತು ಬೇರೆ: ಬಲಕ್ಕೆ, ಎಡಕ್ಕೆ, ನೇರ.

ಕೋಡಿಯ ಆ ದೊಡ್ಡ ಪಂದ್ಯದಲ್ಲಿ ಒಂದು ಸಲ ಅವನು ಚೆಂಡನ್ನು ಹಿಂದಕ್ಕೆ ತೂರಿದ. ಹಿಡಿದವನು ಓಡಿ ಒಂಬತ್ತು ಗಜ ಗಳಿಸಿದ. ಕೋಡಿಯ ಕೈ ಬಿಟ್ಟ ಚೆಂಡು ಕೋಡಿಯದೇ ಅಲ್ಲವೇ ಎಂದು ಮೇಷ್ಟ್ರು ಒಂಬತ್ತನ್ನೂ ಅವನ ಎಸೆತಕ್ಕೆ ಸೇರಿಸಿದರು. ಹಿಂದಕ್ಕೆ ತೂರಿದ್ದು ಎಸೆತವಲ್ಲ, ಆ ಗಜಗಳು ಹಿಡಿದು ಓಡಿದವನ ಓಟಕ್ಕೆ ಸೇರುತ್ತವೆ ಎಂದು ಹೊಸ ಕೋಚ್ ಒಬ್ಬ ಹೇಳಿಕೊಟ್ಟದ್ದು ಮೂರು ವರ್ಷದ ನಂತರ. ಅಂದು ಮನೆಗೆ ಬಂದು ಹಳೆಯ ಪುಸ್ತಕ ತೆಗೆದು ನೋಡಿದರೆ, ತಮ್ಮದೇ ಅಕ್ಷರದಲ್ಲಿ 'ಹಿಂದಕ್ಕೆ' ಎಂದಿತ್ತು. 396 ಅಲ್ಲ, 387. ಹಳೆಯ ದಾಖಲೆ 391.

"ಸುಮ್ನಿರಿ," ಎಂದಿದ್ದರು ಮೃಣಾಲಿನಿ. "ಗ್ರೀನ್ ಕಾರ್ಡ್ ಪೇಪರ್ಸು ಆ ಸ್ಕೂಲ್ ಕೈಲೇ ಇದೆ. ಅದು ಬರ್ಲಿ, ಆಮೇಲೆ ಹೇಳಿದ್ರಾಯ್ತು."

ಕಾರ್ಡು ಬಂತು. ಆಮೇಲೆ ಮಗಳು ಪ್ರಗತಿಯ ಕಾಲೇಜು, ಆಮೇಲೆ ಅವಳ ಮದುವೆ. ಹೇಳದೆ ಹೇಳದೆ, ಹೇಳದಿರುವುದೇ ರೂಢಿಯಾಗಿಹೋಯಿತು.

ಇದರಲ್ಲಿ ಒಂದು ಮುಳ್ಳಿತ್ತು. 391ರ ಒಡೆಯನಾದ ಹಳೆಯ ಆಟಗಾರ ಲೂಥರ್ ಪ್ರೂಯಿಟ್ ಬೇರೆಲ್ಲೂ ಇರಲಿಲ್ಲ, ಅದೇ ಸ್ಕೂಲಿನ ಬಸ್ ಡ್ರೈವರ್ ಆಗಿದ್ದ. ಬೇರೆ ಊರಿನ ಪಂದ್ಯಕ್ಕೆ ಹೋಗುವಾಗ ಮೇಷ್ಟ್ರ ಜಾಗ ಅವನ ಹಿಂದಿನ ಸೀಟು. ಹನ್ನೆರಡು ವರ್ಷ, ಗೊತ್ತಿದ್ದೂ ಗೊತ್ತಿದ್ದೂ, ಅವನ ಬೋಳಾಗುತ್ತಿದ್ದ ತಲೆಯನ್ನು ನೋಡುತ್ತ ಅವರು ಪ್ರಯಾಣ ಮಾಡಿದರು. ಲೂಥರ್ ಕನ್ನಡಿಯಲ್ಲಿ ಅವರತ್ತ ನೋಡಿ ನಗುತ್ತಿದ್ದ. ಆ ನಗು ಮೇಷ್ಟ್ರಿಗೆ ತಡೆಯಲಾಗುತ್ತಿರಲಿಲ್ಲ.

ಬುಧವಾರ ಡಾಲಸ್‌ನಿಂದ ಕೋಡಿಯೇ ಫೋನ್ ಮಾಡಿದ. ಅವನು ಮೇಷ್ಟ್ರ ಆಲ್‌ಜೀಬ್ರಾ ಕ್ಲಾಸಿನಲ್ಲಿ ಎರಡು ಸಲ ಕೂತವನು. "ಸರ್, ನನ್ನ ಮಗಳಿಗೆ ಏಳು ವರ್ಷ. ಅಪ್ಪ ಏನು ಮಾಡ್ತಿದ್ದ ಅಂತ ತೋರ್ಸೋಕೆ ಆ ಗೋಡೆ ಬಿಟ್ರೆ ನನ್ನ ಹತ್ರ ಏನೂ ಇಲ್ಲ," ಎಂದ. ಮೇಷ್ಟ್ರು ಹೂಂ ಎಂದರು. ಹ್ಯೂಸ್ಟನ್‌ನಲ್ಲಿದ್ದ ಮಗಳಿಗೆ ಅಂದೇ ಮೊದಲ ಸಲ ವಿಷಯ ಹೇಳಿದರು. ಅವಳು ನಕ್ಕುಬಿಟ್ಟಳು. "ಅಪ್ಪಾ, ಇಟ್ಸ್ ಜಸ್ಟ್ ನೈನ್ ಯಾರ್ಡ್ಸ್!"

"ಸಹಿ ಹಾಕಿ ಬಂದ್ಬಿಡಿ," ಎಂದರು ಮೃಣಾಲಿನಿ, ದನಿಯಲ್ಲಿ ಹುರುಪಿಲ್ಲದೆ. "ಈ ವಯಸ್ಸಲ್ಲಿ ಯಾಕೆ ಮೈಮೇಲೆ ಎಳ್ಕೋತೀರಾ? ಆ ಹುಡುಗನ್ಗೂ ಖುಷಿ."

"ನಂಗೂ ಸಾಕಾಗಿದೆ ಕಣೇ," ಎಂದರು ಮೇಷ್ಟ್ರು. ನಿಜವಾಗಿಯೂ ಸಾಕಾಗಿತ್ತು.

ಗುರುವಾರ ಮೂರು ಗಂಟೆಗೆ ಲೈಬ್ರರಿಯಲ್ಲಿ ನಾಲ್ವರು ಕೂತಿದ್ದರು, ಇಬ್ಬರು ಪರ, ಇಬ್ಬರು ವಿರೋಧ. ಮುಕ್ಕಾಲು ಗಂಟೆ ಅದೇ ಮಾತು ಅದೇ ಮಾತು: ಸೋತ ಫೈನಲ್, ಮುರಿದ ಭುಜ, ಮುರಿಯದ ದಾಖಲೆ. ಕೊನೆಗೆ ಅಧ್ಯಕ್ಷೆ ಮಿಸೆಸ್ ಹ್ಯಾಡ್ಲಿ, ಮೇಷ್ಟ್ರೇ ತಂದುಕೊಟ್ಟಿದ್ದ ಪುಸ್ತಕವನ್ನೂ ಪೆನ್ನನ್ನೂ ಮೇಷ್ಟ್ರ ಮುಂದೆ ಸರಿಸಿ, "ಎಷ್ಟು ಮುದ್ದಾಗಿ ಬರ್ದಿದೀರಿ! ಅಂಚಲ್ಲಿರೋ ಈ ಬಳ್ಳಿ ಚಿತ್ರಗಳು ಎಷ್ಟು ಚೆಂದ," ಎಂದಳು.

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಪುಟದ ಮೇಲೆ ಇಟ್ಟರು ಕೂಡ. ಆ ಸಾಲು ಅಲ್ಲೇ ಇತ್ತು. ಕೈ ಮುಂದೆ ಹೋಗಲಿಲ್ಲ.

"ಅವು ಚಿತ್ರ ಅಲ್ಲ ಮೇಡಂ, ನಮ್ಮ ಭಾಷೆ," ಎಂದು, ಬೆರಳಿಟ್ಟು ಓದಿ ಹೇಳಿದರು. ಹಿಂದಕ್ಕೆ. ಒಂಬತ್ತು ಗಜ. ನನ್ನ ತಪ್ಪು. ದಾಖಲೆ ಲೂಥರನದು.

ಯಾರೂ ಭೇಷ್ ಎನ್ನಲಿಲ್ಲ. ಪರವಾಗಿದ್ದವರ ಮುಖ ಸಪ್ಪಗಾಯಿತು. ವಿರೋಧಿಸುತ್ತಿದ್ದವರಿಗೂ ಗೆದ್ದ ಸಂತೋಷ ಇದ್ದಂತೆ ಕಾಣಲಿಲ್ಲ. ಕೋಡಿಗೆ ಇಲ್ಲ ಎಂದು ಬರೆದುಕೊಂಡರು. "ಲೂಥರ್ ಅಂದ್ರೆ ಬಸ್ ಓಡಿಸ್ತಿದ್ದವನಲ್ವಾ? ಅವನ ವಿಷಯ ಮುಂದಿನ ವರ್ಷ ನೋಡೋಣ," ಎಂದಳು ಮಿಸೆಸ್ ಹ್ಯಾಡ್ಲಿ. ಪಾರ್ಕಿಂಗ್ ಲಾಟಿನಲ್ಲೇ ನಿಂತು ಮೇಷ್ಟ್ರು ಡಾಲಸ್‌ಗೆ ಫೋನ್ ಮಾಡಿದರು. ಕೋಡಿ ಪೂರ್ತಿ ಕೇಳಿಸಿಕೊಂಡು, "ಸರಿ ಸರ್," ಎಂದು ಇಟ್ಟುಬಿಟ್ಟ. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮೃಣಾಲಿನಿಗೂ ಫೋನಿನಲ್ಲಿ ವಿಷಯ ತಿಳಿಸಿ, ಅಲ್ಲಿಂದ ನೇರ ಜಾರ್ಜ್‌ಟೌನ್‌ಗೆ ಡ್ರೈವ್ ಮಾಡಿದರು. ಲೂಥರ್ ಅಲ್ಲಿ ಹೊಸ ಬಡಾವಣೆಯೊಂದರಲ್ಲಿ ಮಗನ ಮನೆಯಲ್ಲಿದ್ದ. ಅವನಿಗಾದರೂ ಸಂತೋಷವಾದೀತು ಎಂಬ ಆಸೆ ಮೇಷ್ಟ್ರಿಗೆ ದಾರಿಯುದ್ದಕ್ಕೂ ಇತ್ತು. ಇಷ್ಟೆಲ್ಲ ಆದ ಮೇಲೆ ಒಬ್ಬನಾದರೂ ನಗಬೇಡವೇ?

ಲೂಥರ್ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಮಂಡಿಯೂ ಹೋಗಿತ್ತು. ಇವರನ್ನು ಕಂಡು, ಕನ್ನಡಿಯಲ್ಲಿ ನಗುತ್ತಿದ್ದ ಹಾಗೇ ನಕ್ಕ. ಇನ್ನೊಂದು ಕುರ್ಚಿ ಎಳೆದ. ಮೇಷ್ಟ್ರು ನಿಂತೇ ಹೇಳಿದರು. ತಪ್ಪು ಹೇಗಾಯಿತು, ಕ್ರಿಕೆಟ್ ಎಂದರೇನು, ಹಿಂದಕ್ಕೆ ತೂರಿದ್ದನ್ನು ಹೇಗೆ ಬರೆದೆ, ಎಲ್ಲವನ್ನೂ ಪಾಠ ಮಾಡುವ ಹಾಗೆ ಒಪ್ಪವಾಗಿ ವಿವರಿಸಿದರು. ಹೇಗೆ ಎನ್ನುವುದಕ್ಕೆ ಉತ್ತರ ಸಿದ್ಧಮಾಡಿಕೊಂಡೇ ಬಂದಿದ್ದರು.

ಲೂಥರ್ ಹೇಗೆ ಎಂದು ಪ್ರಶ್ನಿಸಲೇ ಇಲ್ಲ. ಬೀದಿಯತ್ತ ನೋಡುತ್ತ, "ನಿನಗೆ ಯಾವಾಗ ಗೊತ್ತಾಯ್ತು, ವಾಸು?" ಎಂದ.

"ಎರಡು ಸಾವಿರದ ಆರು."

"ಆರರಲ್ಲಿ," ಎಂದ ಲೂಥರ್. ನಗು ಹೋಗಿತ್ತು. "ನಾನು ಆಡಿದ್ದನ್ನ ನನ್ನಮ್ಮ ಒಂದು ದಿನಾನೂ ನೋಡ್ಲಿಲ್ಲ. ಶುಕ್ರವಾರ ಅವಳಿಗೆ ಆಸ್ಪತ್ರೇಲಿ ಬಟ್ಟೆ ಒಗೆಯೋ ಕೆಲಸ. ಜಿಮ್ ಗೋಡೆ ಮೇಲಿನ ದಾಖಲೆ ಪಟ್ಟೀಲಿದ್ದ ಹೆಸರು, ಅದೊಂದೇ ಅವಳು ನೋಡಿದ್ದು. ಅದನ್ನ ಅಳಿಸಿ ಕೋಡಿ ಹೆಸರು ಬರೆದ ಮೇಲೂ ಮೊಮ್ಮಗನ ಬಾಸ್ಕೆಟ್‌ಬಾಲ್‌ಗೆ ಬಂದಾಗೆಲ್ಲ ಆ ಜಾಗಾನೇ ನೋಡ್ತಿದ್ಲು. ಹನ್ನೊಂದರಲ್ಲಿ ಹೋದ್ಲು."

ಆರರಿಂದ ಹನ್ನೊಂದಕ್ಕೆ ಎಷ್ಟು ಎಂದು ಗಣಿತದ ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಐದು ವರ್ಷ. ಆ ಐದು ವರ್ಷದ ಪ್ರತಿ ಶುಕ್ರವಾರವೂ ಒಂದು ಮಾತು ಹೇಳಬಹುದಿತ್ತು. ಬಸ್ಸಿನಲ್ಲಿ ಕೊಂಚ ಮುಂದಕ್ಕೆ ಬಾಗಿದ್ದರೆ ಸಾಕಾಗಿತ್ತು.

ಲೂಥರ್ ಹೋಗು ಎನ್ನಲಿಲ್ಲ, ಕೂರು ಎಂದೂ ಅನ್ನಲಿಲ್ಲ. ಎಳೆದಿಟ್ಟ ಕುರ್ಚಿ ಖಾಲಿಯೇ ಇತ್ತು. ಮೇಷ್ಟ್ರು ಸ್ವಲ್ಪ ಹೊತ್ತು ನಿಂತು, ಮಂಡಿ ತಡೆಯದಾದಾಗ ಕಾರಿಗೆ ಬಂದರು.

ಮನೆಯಲ್ಲಿ ಮೃಣಾಲಿನಿ ಕಾಫಿ ಕೊಟ್ಟು, "ಏನಂದ್ರು ಲೂಥರ್? ಖುಷಿ ಪಟ್ರಾ?" ಎಂದು ಕೇಳಿದರು.

"ಅವನಮ್ಮ ಬದುಕಿದ್ರಂತೆ ಕಣೇ, ಆಗ," ಎಂದರು ಮೇಷ್ಟ್ರು. "ನೀನು ಸುಮ್ನಿರಿ ಅಂದಾಗ, ನಾನು ಹೂಂ ಅಂದಾಗ, ಇದ್ರಂತೆ."

ಮೃಣಾಲಿನಿ ಪಕ್ಕದಲ್ಲಿ ಕೂತರು. ಕಾಫಿ ಆರಿತು. ಯಾರೂ ಏನೂ ಕೇಳದಿರಲಿ ಎಂದು ಆಸೆಪಟ್ಟಿದ್ದ ಮೇಷ್ಟ್ರು, ಇವಳಾದರೂ ಏನಾದರೂ ಕೇಳಲಿ ಎಂದು ಕಾಯುತ್ತ ಕೂತರು.